ಪಾದ ತೊಳೆಸಿಕೊಂಡ ಗುರುವಾರ

ನನಗೆ ಆಗ ಮೂವತ್ತೆರಡು ವರ್ಷ. ಇದು ನಲವತ್ತೈದು ವರ್ಷದ ಹಿಂದಿನ ಮಾತು. ಮೊನ್ನೆ ಮಗಳ ಮನೆಯ ಬಚ್ಚಲಲ್ಲಿ ನಲ್ಲಿಯನ್ನು ಯಾವ ಕಡೆ ತಿರುಗಿಸಬೇಕೆಂದು ತಿಳಿಯದೆ ಕಾಲ ಮೇಲೆ ಸುಡುನೀರು ಬಿಟ್ಟುಕೊಂಡೆ. ಕಿರುಚಿದ್ದಕ್ಕೆ ಮಗಳು ಓಡಿ ಬಂದಳು. "ಎಷ್ಟು ಸಲ ಹೇಳೋದಮ್ಮ, ಎಡಗಡೆ ಬಿಸಿ ಅಂತ" ಎಂದು ಬೈದು ಮುಲಾಮು ತರಲು ಹೋದಳು. ನಾನು ಸ್ಟೂಲಿನ ಮೇಲೆ ಕೂತು ಕೆಂಪಾದ ಕಾಲನ್ನು ನೋಡಿಕೊಂಡೆ. ಚೆನ್ನಾಗಿ ಉರಿಯುತ್ತಿತ್ತು. ಉರಿಯಲಿ. ಉರಿಯದ ಕಾಲನ್ನು ನಾನು ನೋಡಿದ್ದೇನೆ. ಅದನ್ನು ಕಂಡು ಹೆದರಿದಷ್ಟು ಹಾವನ್ನು ಕಂಡೂ ಹೆದರಿಲ್ಲ.

ಆಗ ನಾವು ಪೀಣ್ಯದಿಂದಾಚೆ, ಮಾಕಳಿ ದಾರಿಯಲ್ಲಿ ಒಂದು ವಠಾರದಲ್ಲಿದ್ದೆವು. ರಾಗಿ ಹೊಲವಿದ್ದ ಜಾಗದಲ್ಲಿ ಗೌಡರು ಸಾಲಾಗಿ ಕೋಣೆಗಳನ್ನು ಎಬ್ಬಿಸಿ ಕಾರ್ಖಾನೆಯವರಿಗೆ ಬಾಡಿಗೆಗೆ ಕೊಟ್ಟಿದ್ದರು. ನನ್ನ ಗಂಡ ಇನ್ನಾಸಪ್ಪ ಎರಕದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಒಂದೇ ಬೀದಿಯಲ್ಲಿ ಗೋಲಿ ಆಡಿ ಬೆಳೆದವರು ನಾವು. ಅವನನ್ನು 'ಅವರು' ಎಂದು ಬರೆಯಲು ನನಗೆ ಕೈ ಬರುವುದಿಲ್ಲ, ನೀವು ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಚರ್ಚು ಎಂದರೆ ಶೀಟು ಹೊದಿಸಿದ ಒಂದು ಉದ್ದನೆಯ ಶೆಡ್ಡು. ಬೇಸಿಗೆಯಲ್ಲಿ ಮೇಲಿನಿಂದ ಬೇಯುತ್ತಿದ್ದೆವು. ಮಳೆಗಾಲದಲ್ಲಿ ಶೀಟಿನ ಸದ್ದಿಗೆ ಸ್ವಾಮಿಗಳ, ಅಂದರೆ ನಮ್ಮ ಪಾದ್ರಿಗಳ, ಪ್ರಸಂಗ ಒಂದಕ್ಷರ ಕೇಳುತ್ತಿರಲಿಲ್ಲ. ಅದರಿಂದ ಯಾರಿಗೂ ನಷ್ಟವಾದಂತೆ ಕಾಣಲಿಲ್ಲ. ಆದರೂ ಆ ಶೆಡ್ಡು ಇಲ್ಲದಿದ್ದರೆ ನಾವು ಆ ಊರಿನಲ್ಲಿ ನಿಲ್ಲುತ್ತಿರಲಿಲ್ಲ. ಇನ್ನಾಸಪ್ಪನಿಗೆ ಕೆಲಸ ಕೊಡಿಸಿದವನು ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ಮಾತಿಗೆ ಸಿಕ್ಕ ಒಬ್ಬ ಮೇಸ್ತ್ರಿ. ಕೋಣೆ ಹುಡುಕಿಕೊಟ್ಟವರು ಮರಿಯಮ್ಮನವರ ಸಂಘದ ಹೆಂಗಸರು. ಮಗಳು ಹುಟ್ಟಿದಾಗ ಒಂದೊಂದು ದಿನ ಒಂದೊಂದು ಮನೆಯಿಂದ ಬಾಣಂತಿ ಸಾರು ಬರುತ್ತಿತ್ತು. ಕೆಲವರ ಸಾರು ಕುಡಿಯುವ ಹಾಗಿರಲಿಲ್ಲ, ಆದರೂ ಬರುತ್ತಿತ್ತು. ಶನಿವಾರ ಎಲ್ಲರೂ ಸೇರಿ ಶೆಡ್ಡು ಗುಡಿಸಿ, ಯಾರ ಸೊಸೆ ಯಾರ ಜೊತೆ ಜಗಳವಾಡಿದಳು ಎಂಬುದನ್ನೂ ಅಲ್ಲೇ ಗುಡಿಸಿ ಒಟ್ಟುಮಾಡುತ್ತಿದ್ದೆವು. ದೇವರಿಗಿಂತ ಹೆಚ್ಚಾಗಿ ಆ ಜನ ನಮಗೆ ಆಸರೆ. ಅವರನ್ನು ಕಳೆದುಕೊಂಡರೆ ಉಳಿಯುವುದು ಏನೂ ಇರಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ವರ್ಷ ಕ್ರಿಸ್ಮಸ್ ಕಳೆದ ಮೇಲೆ ಒಂದು ಸಂಜೆ ಇನ್ನಾಸಪ್ಪ ಕೆಲಸದಿಂದ ಬಂದು ಕಾಲು ಚಾಚಿ ಕೂತ. ಬಲಗಾಲಿನ ಹಿಮ್ಮಡಿಯಲ್ಲಿ ಒಂದು ಮೊಳೆ ಇತ್ತು. ಚಪ್ಪಲಿಯನ್ನು ತೂರಿ ಒಳಕ್ಕೆ ಹೋಗಿತ್ತು. ಅವನು ಅದರ ಮೇಲೇ ನಡೆದು ಬಂದಿದ್ದ.

"ನೋವಿಲ್ವ?" ಎಂದೆ.

"ಎಲ್ಲಿ?" ಎಂದ.

ಅದೇ ಕಾಲಿನ ಮೇಲುಗಡೆ, ಬೆರಳುಗಳ ಹಿಂದೆ, ಬಹಳ ದಿನದಿಂದ ಒಂದು ಬಿಳಚಿದ ಮಚ್ಚೆ ಇತ್ತು. ಕಾರ್ಖಾನೆಯ ಶಾಖಕ್ಕೆ ಆಗಿರಬೇಕು ಎಂದುಕೊಂಡಿದ್ದೆವು. ಭಾನುವಾರ ಮಧ್ಯಾಹ್ನ ಅವನು ಉಂಡು ಮಲಗಿದ್ದಾಗ ಸೆರಗಿನ ಪಿನ್ನು ತೆಗೆದು ಆ ಮಚ್ಚೆಗೆ ಚುಚ್ಚಿದೆ. ಮತ್ತೆ ಸ್ವಲ್ಪ ಜೋರಾಗಿ ಚುಚ್ಚಿದೆ. ರಕ್ತದ ಹನಿ ಬಂತು, ಅವನ ಗೊರಕೆ ನಿಲ್ಲಲಿಲ್ಲ. ಪಿನ್ನು ಒರೆಸಿ ಮತ್ತೆ ಸೆರಗಿಗೆ ಸಿಕ್ಕಿಸಿಕೊಂಡೆ.

ಅದು ಕುಷ್ಠ ಎಂದು ಹೇಳಲು ನನಗೆ ಡಾಕ್ಟರು ಬೇಕಿರಲಿಲ್ಲ. ನಮ್ಮ ಚರ್ಚಿನಲ್ಲೇ ಚಿನ್ನಪ್ಪಜ್ಜ ಎಂಬ ಮುದುಕನಿದ್ದ. ಅವನಿಗೆ ಆ ರೋಗವೆಂದು ಗೊತ್ತಾದ ವಾರದಲ್ಲೇ ಅವನ ಬೆಂಚು ಖಾಲಿಯಾಯಿತು. ಯಾರೂ ಏನೂ ಅನ್ನಲಿಲ್ಲ. ಎಲ್ಲರೂ 'ಪಾಪ' ಎಂದರು, ಪಾಪ ಎನ್ನುತ್ತಲೇ ಒಂದೊಂದು ಬೆಂಚು ಮುಂದಕ್ಕೆ ಹೋದರು. ಆಮೇಲೆ ಬಾಗಿಲ ಹತ್ತಿರ ಅವನಿಗೇ ಒಂದು ಚಾಪೆ ಬಂತು. ಬಾಡಿಗೆ ಕೋಣೆಯೂ ಹೋಯಿತು. ಒಂದು ಭಾನುವಾರ ಚಾಪೆ ಮಾತ್ರ ಇತ್ತು, ಅಜ್ಜ ಇರಲಿಲ್ಲ. ಎಲ್ಲಿ ಹೋದ ಎಂದು ಯಾರೂ ಕೇಳಲಿಲ್ಲ.

ಹಾಗಾಗಿ ನಾವು ಬಾಯಿ ಮುಚ್ಚಿಕೊಂಡೆವು. ಇನ್ನಾಸಪ್ಪ ಮನೆಯೊಳಗೂ ಕಾಲುಚೀಲ ಹಾಕತೊಡಗಿದ. ಆಸ್ಪತ್ರೆಗೆ ಹೋಗೋಣವೆಂದರೆ, "ಅಲ್ಲಿ ನಿಂತಿದ್ದನ್ನ ಒಬ್ರು ನೋಡಿದ್ರೂ ಸಾಕು, ಇಲ್ಲಿಗೆ ಬಂದು ಮುಟ್ಟತ್ತೆ" ಎನ್ನುತ್ತಿದ್ದ. ನನಗೂ ಅದೇ ಹೆದರಿಕೆ. ಬಟ್ಟೆ ಒಗೆಯುವಾಗ ಪಕ್ಕದವಳು ನನ್ನ ಬಕೆಟ್ಟಿನ ಕಡೆ ನೋಡಿದರೆ ಕಾಲುಚೀಲ ಕಂಡಿತೇನೋ ಎಂದು ಅದರ ಮೇಲೆ ಸೀರೆ ಎಳೆಯುತ್ತಿದ್ದೆ.

ಹೀಗಿರುವಾಗ ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಮುಗಿಯುತ್ತ ಬಂತು. ಗುಡ್ ಫ್ರೈಡೆಯ ಹಿಂದಿನ ದಿನ, ಗುರುವಾರ ಸಾಯಂಕಾಲ, ನಮ್ಮಲ್ಲಿ ಪಾದ ತೊಳೆಯುವ ಪೂಜೆ. ಯೇಸುಸ್ವಾಮಿ ತನ್ನ ಹನ್ನೆರಡು ಶಿಷ್ಯರ ಕಾಲು ತೊಳೆದ ನೆನಪಿಗೆ, ಊರಿನ ಹನ್ನೆರಡು ಗಂಡಸರನ್ನು ಮುಂದೆ ಕುರ್ಚಿ ಹಾಕಿ ಕೂರಿಸುತ್ತಾರೆ. ಸ್ವಾಮಿಗಳು ಮಂಡಿಯೂರಿ ಒಬ್ಬೊಬ್ಬರ ಬಲಗಾಲು ತೊಳೆದು, ಒರೆಸಿ, ಮುತ್ತಿಡುತ್ತಾರೆ. ಸ್ವಾಮಿಗಳು ತೊಳೆಯುವ ಕಾಲು ಎಂದು ಹೆಂಗಸರು ಮನೆಯಲ್ಲಿ ಮೊದಲೇ ಸೋಪು ಹಚ್ಚಿ, ಕಲ್ಲಿನಲ್ಲಿ ಉಜ್ಜಿ, ಉಗುರು ಕತ್ತರಿಸಿ, ಎಣ್ಣೆ ಹಚ್ಚಿ ಕಳಿಸುತ್ತಿದ್ದರು. ವರ್ಷದಲ್ಲಿ ಆ ಹನ್ನೆರಡು ಕಾಲುಗಳಷ್ಟು ಚೊಕ್ಕಟವಾದದ್ದು ನಮ್ಮ ಊರಿನಲ್ಲಿ ಬೇರೊಂದಿರಲಿಲ್ಲ. ಎಡಗಾಲಿನ ಗತಿಯನ್ನು ಯಾರೂ ಕೇಳುತ್ತಿರಲಿಲ್ಲ.

ಆರಿಸುವವನು ಉಪದೇಶಿ ಚೌರಪ್ಪ. ಜಪ ಹೇಳಿಕೊಡುವವನು, ಗಂಟೆ ಹೊಡೆಯುವವನು, ಸ್ವಾಮಿಗಳು ಊರಲ್ಲಿಲ್ಲದಾಗ ಅವರಿಗಿಂತ ದೊಡ್ಡ ಸ್ವಾಮಿ. ಆ ಗುರುವಾರಕ್ಕೆ ನಾಲ್ಕು ದಿನ ಮುಂಚೆ, ಗರಿಗಳ ಭಾನುವಾರ, ನಮ್ಮ ಬಾಗಿಲಿಗೆ ಬಂದ.

"ಇನ್ನಾಸಪ್ಪ, ಗುರುವಾರ ನೀನು ಕೂರ್ಬೇಕು ಕಣೋ. ಕೊನೇ ಕುರ್ಚಿ ಒಂದು ಖಾಲಿ ಐತೆ."

"ಕೊನೇದ? ಅದು ಯೇಸುನ ಹಿಡ್ದುಕೊಟ್ಟ ಯೂದಂದಲ್ವ?"

"ಯಾವನು ಅಂದಿದ್ದು ಅಂಗೆ? ಕುರ್ಚಿ ಮೇಲೆ ಎಸ್ರು ಬರ್ದೈತ? ಎಲ್ರೂ ಇದನ್ನೇ ಯೋಳಿ ತಪ್ಪಿಸ್ಕೊಂಡವ್ರೆ. ನಿನ್ನಂತ ಸಾಧು ಕೂತ್ರೆ ಆ ಕುರ್ಚಿಗೂ ಒಂದು ಮರ್ಯಾದೆ."

ಒಲ್ಲೆ ಎನ್ನುವ ಹಾಗಿರಲಿಲ್ಲ. ಹಿಂದಿನ ವರ್ಷ ಒಬ್ಬ ಒಲ್ಲೆ ಎಂದಿದ್ದಕ್ಕೆ ಅವನಿಗೆ ತುಮಕೂರಿನಲ್ಲಿ ಇನ್ನೊಬ್ಬಳಿದ್ದಾಳೆ ಎಂದು ನಮ್ಮ ಹೆಂಗಸರು ಈಸ್ಟರ್ ಒಳಗೆ ತೀರ್ಮಾನಿಸಿದ್ದರು.

"ಎಡಗಾಲು ಕೊಡು" ಎಂದೆ ನಾನು, ಚೌರಪ್ಪ ಹೋದ ಮೇಲೆ.

"ಎಲ್ರೂ ಬಲಗಾಲು ಬಿಟ್ಕೊಂಡು ಕೂತಿರ್ತಾರೆ. ನಾನೊಬ್ನೇ ಎಡಗಾಲು ಚಾಚಿದ್ರೆ ಯೂದನೇ ಸರಿ ಅಂತಾರೆ" ಎಂದ. ಇಬ್ಬರೂ ನಕ್ಕೆವು. ನಕ್ಕ ಮೇಲೆ ಮನೆಯೊಳಗೆ ಮೊದಲಿಗಿಂತ ಹೆಚ್ಚು ಹೆದರಿಕೆ ತುಂಬಿಕೊಂಡಿತು.

ಗುರುವಾರ ಮಧ್ಯಾಹ್ನ ವಠಾರದ ಹೆಂಗಸರೆಲ್ಲ ಗಂಡಂದಿರ ಕಾಲು ಉಜ್ಜುತ್ತಿದ್ದಾಗ ನಾನು ಬಾಗಿಲು ಹಾಕಿಕೊಂಡು ನನ್ನ ಗಂಡನ ಕಾಲಿಗೆ ಬಣ್ಣ ಬಳಿಯುತ್ತಿದ್ದೆ. ಗಟ್ಟಿ ಟೀ ಡಿಕಾಕ್ಷನ್ನು, ಅದಕ್ಕೆ ಚೂರು ದೀಪದ ಕಪ್ಪು, ಕೊಬ್ಬರಿ ಎಣ್ಣೆ. ಬಟ್ಟೆಯಲ್ಲಿ ಅದ್ದಿ ಅದ್ದಿ ಮಚ್ಚೆಯನ್ನು ಸುತ್ತಲಿನ ಚರ್ಮಕ್ಕೆ ಕೂಡಿಸಿದೆ. ದೂರದಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ.

"ಏನಾದ್ರೂ ಆಗ್ಲಿ, ಅಲ್ಲಾಡ್ಬೇಡ. ಸುಮ್ನೆ ಕಾಲು ಕೊಡು, ಒರ್ಸಿದ ತಕ್ಷಣ ಚಪ್ಲಿ ಒಳಗೆ ಇಟ್ಬಿಡು" ಎಂದು ಹೇಳಿಕೊಟ್ಟೆ.

ಸಾಯಂಕಾಲ ಶೆಡ್ಡು ತುಂಬಿತ್ತು. ನಾನು ಹೆಂಗಸರ ಕಡೆ ಮುಂದಿನ ಬೆಂಚಿನಲ್ಲೇ ಕೂತೆ; ಹಿಂದೆ ಕೂತರೆ ಏನಾಗುತ್ತಿದೆಯೆಂದು ಕಾಣದೆ ಸಾಯುತ್ತಿದ್ದೆ. ನೀರು ಸುರಿಯುವವನು ಚೌರಪ್ಪ, ತೊಳೆಯುವವರು ಸ್ವಾಮಿಗಳು. ಹಿಂದಿನ ವರ್ಷ ತಣ್ಣೀರಿಗೆ ಮುದುಕರೊಬ್ಬರಿಗೆ ನೆಗಡಿಯಾಗಿ ದೂರು ಬಂದಿತ್ತೆಂದು ಈ ಸಲ ಚೌರಪ್ಪನ ಹೆಂಡತಿ ಲೂರ್ದಮ್ಮ ಹಿಂದಿನ ಕೋಣೆಯಲ್ಲಿ ಸ್ಟವ್ ಹಚ್ಚಿ ನೀರು ಕಾಯಿಸುತ್ತಿದ್ದಳು. ಮೊದಲ ಪಾತ್ರೆಯ ನೀರು ಹದವಾಗಿತ್ತು. ಚೌರಪ್ಪ ಧಾರಾಳವಾಗಿ ಸುರಿದ. ಹತ್ತು ಜನಕ್ಕೆ ಪಾತ್ರೆ ಬರಿದಾಯಿತು. ಲೂರ್ದಮ್ಮ ಇನ್ನೊಂದು ಪಾತ್ರೆಯನ್ನು ಸ್ಟವ್ ಮೇಲಿಂದ ಇಳಿಸಿ ಹಾಗೇ ತಂದುಕೊಟ್ಟಳು.

ಹನ್ನೊಂದನೆಯ ಕುರ್ಚಿಯಲ್ಲಿದ್ದವನು ಲಾರಿ ಡ್ರೈವರ್. ನೀರು ಬೀಳುತ್ತಲೇ "ಅಯ್ಯಯ್ಯಪ್ಪೋ" ಎಂದು ಕಾಲು ಎದೆಯವರೆಗೆ ಎಳೆದುಕೊಂಡ. ಹುಡುಗರು ನಕ್ಕರು, ದೊಡ್ಡವರು ಕೆಮ್ಮಿದರು. ಚೌರಪ್ಪ ಗಾಬರಿಯಲ್ಲಿ, ಅವಮಾನ ಬೇಗ ಮುಗಿಯಲಿ ಎಂದೋ ಏನೋ, ಒಂದೇ ಹೆಜ್ಜೆಗೆ ಇನ್ನಾಸಪ್ಪನ ಮುಂದೆ ಬಂದು, ಸ್ವಾಮಿಗಳು ಕೈ ಅಡ್ಡ ಹಿಡಿಯುವುದರೊಳಗೆ ಸುರಿದುಬಿಟ್ಟ.

ಹಬೆ ಎದ್ದದ್ದು ನನಗೆ ಕಂಡಿತು. ಸಿಡಿದ ಹನಿಗೆ ಸ್ವಾಮಿಗಳು ಕೈ ಹಿಂದೆಳೆದುಕೊಂಡದ್ದೂ ಕಂಡಿತು. ಇನ್ನಾಸಪ್ಪ ನಾನು ಹೇಳಿಕೊಟ್ಟ ಹಾಗೆ ಪೀಠದ ಕಡೆ ನೋಡುತ್ತ ಕೂತಿದ್ದ. ಒಂದು ಬೆರಳೂ ಅಲ್ಲಾಡಲಿಲ್ಲ. ನೀರು ಬಿದ್ದದ್ದೇ ಅವನಿಗೆ ಗೊತ್ತಿಲ್ಲ.

ನಗುತ್ತಿದ್ದ ಹುಡುಗರೆಲ್ಲ ಕತ್ತು ಚಾಚಿ ನೋಡಿದರು. ಮುಗಿಯಿತು, ಇನ್ನು ಬೆಂಚುಗಳು ಖಾಲಿಯಾಗುತ್ತವೆ ಎಂದುಕೊಂಡೆ. ಆಗ ಪಕ್ಕದಲ್ಲಿದ್ದ ಸವರಮ್ಮ ನನ್ನ ತೋಳು ಹಿಡಿದು, "ಏನ್ ಬಕ್ತೀನೇ ನಿನ್ ಗಂಡಂದು. ಆ ಡ್ರೈವರ್ ನೋಡು, ಈವಯ್ಯನ್ನ ನೋಡು" ಎಂದಳು. ಅವಳ ಕಣ್ಣಲ್ಲಿ ನೀರು. ಹಿಂದಿನಿಂದಲೂ ಗುಸುಗುಸು ಬಂತು, ಎಲ್ಲವೂ ಹೊಗಳಿಕೆಯೇ.

ಸ್ವಾಮಿಗಳು ಮಾತ್ರ ಕಾಲು ಒರೆಸಿದ ಟವೆಲನ್ನು ನೋಡುತ್ತಿದ್ದರು. ಬಿಳಿ ಟವೆಲಿಗೆ ನನ್ನ ಟೀ ಬಣ್ಣವೆಲ್ಲ ಹತ್ತಿತ್ತು. ಆಮೇಲೆ ಕಾಲು ನೋಡಿದರು. ಆಮೇಲೆ ಇನ್ನಾಸಪ್ಪನ ಮುಖ ನೋಡಿದರು. ಬಗ್ಗಿ, ಆ ಮಚ್ಚೆಯ ಮೇಲೇ ಮುತ್ತಿಟ್ಟು, ಎದ್ದು ಹೋದರು.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಗಂಡಸರೆಲ್ಲ ಇನ್ನಾಸಪ್ಪನನ್ನು ಸುತ್ತಿಕೊಂಡಿದ್ದರು. ಸ್ವಾಮಿಗಳು ನನ್ನನ್ನು ಬೇವಿನ ಮರದ ಹತ್ತಿರ ಕರೆದರು. ವಯಸ್ಸಾದವರು, ಮಂಗಳೂರಿನ ಕಡೆಯವರು, ಪುಸ್ತಕದ ಹಾಗೆ ಮಾತಾಡುವವರು.

"ಎಷ್ಟು ದಿನವಾಯಿತಮ್ಮ?" ಎಂದರು.

ನಾನು ಯಾರಿಗಾದರೂ ಕೇಳಿಸಿತೇನೋ ಎಂದು ಅಂಗಳದ ಕಡೆ ತಿರುಗಿ ನೋಡಿದೆ.

"ಇದಕ್ಕೆ ಈಗ ಮಾತ್ರೆ ಇದೆ. ಸಿಸ್ಟರುಗಳ ಆಸ್ಪತ್ರೆಗೆ ಹೋಗಿ, ಅವರು ಹಬ್ಬ ಹುಣ್ಣಿಮೆ ನೋಡುವುದಿಲ್ಲ. ಸುಟ್ಟ ಕಾಲಿಗೆ ಬಟ್ಟೆ ಕಟ್ಟಿ. ನಾಳೆ ಶಿಲುಬೆ ಹಾದಿಗೆ ಅವನು ಬರಿಗಾಲಲ್ಲಿ ಬರಕೂಡದು. ಹುಣ್ಣಾದರೆ ಆ ಕಾಲು ಉಳಿಯುವುದಿಲ್ಲ."

"ಯಾರಿಗೂ ಹೇಳ್ಬೇಡಿ ಸ್ವಾಮಿ."

"ನಾನು ಹೇಳುವುದಿಲ್ಲ. ನೀವು ಏನು ಮಾಡುತ್ತೀರಿ, ಅದನ್ನು ಯೋಚಿಸಿ."

ಯೋಚಿಸಲು ಬಿಟ್ಟರೆ ತಾನೆ. ನಾನು ತಿರುಗಿ ಬರುವುದರೊಳಗೆ ಚೌರಪ್ಪ ಎಲ್ಲರ ಮುಂದೆ ಸಾರಿಬಿಟ್ಟಿದ್ದ: "ನಾಳೆ ದೊಡ್ಡ ಶಿಲುಬೆ ಇನ್ನಾಸಪ್ಪನೇ ಓರ್ಬೇಕು. ಬೆಳಗ್ಗೆ ಇಲ್ಲಿಂದ ಬಂಡೆವರೆಗೂ. ಇಂತಾ ಬಕ್ತ ಇರ್ಬೇಕಾದ್ರೆ ಬ್ಯಾರೆಯವ್ರು ಯಾಕೆ?" ಬಂಡೆಯೆಂದರೆ ಊರಾಚೆಯ ಕಲ್ಲುಗುಡ್ಡ. ದಾರಿಯೆಲ್ಲ ಜಲ್ಲಿ. ಆ ದಿನ ಯಾರೂ ಚಪ್ಪಲಿ ಮೆಟ್ಟುತ್ತಿರಲಿಲ್ಲ.

ಮನೆಯಲ್ಲಿ ಚಪ್ಪಲಿ ಬಿಚ್ಚಿ ನೋಡಿದರೆ ಗುಳ್ಳೆ ಎದ್ದು ಚರ್ಮ ಉಬ್ಬಿತ್ತು. ಇನ್ನಾಸಪ್ಪ ಅದನ್ನು ಬೇರೆ ಯಾರದೋ ಕಾಲೆಂಬಂತೆ ನೋಡಿದ.

"ಓಗ್ತೀನಿ ಕಣೆ" ಎಂದ. "ಓಗ್ದಿದ್ರೆ ಯಾಕೆ ಅಂತಾರೆ. ಓದ್ರೆ ಯಾವನೂ ಕೇಳಲ್ಲ. ನೋವಂತೂ ಆಗಲ್ವಲ್ಲ."

ನೋವಾಗುವುದಿಲ್ಲ ಎಂದು ಒಬ್ಬ ಮನುಷ್ಯ ಸಮಾಧಾನ ಹೇಳಿದ್ದನ್ನು ಕೇಳಿ ನಾನು ನಡುಗಿದ್ದು ಅದೊಂದೇ ಸಲ. ಅವನು ಹೆದರಿಕೆಗೆ ಮಾತ್ರ ಹೋಗುತ್ತಿರಲಿಲ್ಲ, ಅದನ್ನೂ ಹೇಳಬೇಕು. ಹುಟ್ಟಿದಂದಿನಿಂದ ಅವನನ್ನು ಯಾರೂ ಅಷ್ಟು ಹೊಗಳಿರಲಿಲ್ಲ. ಅಂದು ಸಾಯಂಕಾಲ ಅವನ ಮುಖದಲ್ಲಿ ಒಂದು ಬೆಳಕಿತ್ತು. ಅದನ್ನು ಕಿತ್ತುಕೊಳ್ಳಬೇಕಾದವಳು ನಾನು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ನಿಮಗೆ ತಲೆಬಿಸಿ ಬೇಡ. ಇನ್ನಾಸಪ್ಪ ವರ್ಷಗಟ್ಟಲೆ ಮಾತ್ರೆ ನುಂಗಿದ, ಉಚ್ಚೆ ಕೆಂಪಾಯಿತು ಎಂದು ಗೊಣಗಿದ, ಎರಡು ಬೆರಳು ಸೊಟ್ಟಗಾದವು, ಕಾಲು ಉಳಿಯಿತು. ಮುದುಕನಾಗಿ, ಎದೆನೋವು ಬಂದು ಸತ್ತ. ಗೌಡರ ಹೆಂಡತಿ ಕೋಣೆ ಖಾಲಿ ಮಾಡಿ ಎಂದಳು, ಮಾಡಿದೆವು. ಚರ್ಚಿನಲ್ಲಿ ನಮ್ಮ ಬೆಂಚು ಖಾಲಿಯಾಯಿತು. ಎಷ್ಟೋ ಭಾನುವಾರ ನಾವಿಬ್ಬರೂ ಮಗಳೂ ಅಗಲವಾಗಿ ಕೂತೆವು. ಆಮೇಲೆ ಸವರಮ್ಮ ಒಂದು ದಿನ ಬಂದು, "ಬ್ಯಾರೆ ಕಡೆ ಜಾಗ ಇಲ್ಲ" ಎಂದು ಸುಳ್ಳು ಹೇಳಿ ಪಕ್ಕದಲ್ಲಿ ಕೂತಳು. ಕೆಲವರು ಕೊನೆಯವರೆಗೂ ಕೂರಲಿಲ್ಲ. ಈಗ ಅಲ್ಲಿ ಶೆಡ್ಡು ಹೋಗಿ ಕಲ್ಲಿನ ಚರ್ಚು ಬಂದಿದೆ, ಮೊಸಾಯಿಕ್ಕು ನೆಲ. ಗುರುವಾರದ ಪೂಜೆಗೆ ಮಾತ್ರ ನಾನು ಆಮೇಲೆ ಹೋಗಲೇ ಇಲ್ಲ, ಕಣ್ಣು ಮುಚ್ಚಿದರೆ ಹಬೆ ಕಾಣುತ್ತಿತ್ತು. ಮೊನ್ನೆ ಕಾಲು ಸುಟ್ಟುಕೊಂಡ ಮೇಲೆ ಯಾಕೋ ಆ ಹೆದರಿಕೆ ಸಡಿಲವಾದ ಹಾಗಿದೆ. ಈ ಸಲ ಹೋಗೋಣ ಎಂದು ಮಗಳಿಗೆ ಹೇಳಿದ್ದೇನೆ.

ಆ ಶುಕ್ರವಾರ ಬೆಳಗ್ಗೆ ಏನಾಯಿತೆಂದರೆ, ಬಿಸಿಲೇರುವ ಮುಂಚೆಯೇ ಚೌರಪ್ಪ, ಲೂರ್ದಮ್ಮ, ಸವರಮ್ಮ, ಇನ್ನೂ ಹತ್ತಾರು ಜನ ಬರಿಗಾಲಲ್ಲಿ ನಮ್ಮ ಬಾಗಿಲಿಗೆ ಬಂದರು. ಶಿಲುಬೆ ಹೊರುವವನನ್ನು ಕರೆದೊಯ್ಯಲು ಬಂದಿದ್ದರು. ಇನ್ನಾಸಪ್ಪ ಗೋಡೆಗೆ ಒರಗಿ ನಿಂತಿದ್ದ. ನಾನು ನನ್ನ ಹಳೇ ಸೀರೆ ಹರಿದು ಅವನ ಕಾಲಿಗೆ ಸುತ್ತಿದೆ. ಚಪ್ಪಲಿ ಹಿಡಿಯಲಿಲ್ಲ, ಅದರ ಪಟ್ಟಿ ಕುಯ್ದು ತೂರಿಸಿ ದಾರದಲ್ಲಿ ಬಿಗಿದೆ. ಬೇಡ ಬೇಡ ಎಂದು ತಲೆಯಾಡಿಸಿದ, ಕಾಲು ಮಾತ್ರ ಎಳೆದುಕೊಳ್ಳಲಿಲ್ಲ. ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು, ನಾನೂ ಚಪ್ಪಲಿ ಮೆಟ್ಟಿ, ಅವನನ್ನು ಹೊರಗೆ ತಂದೆ.

"ಇವತ್ತು ಚಪ್ಲಿನ?" ಎಂದ ಚೌರಪ್ಪ. "ಶಿಲುಬೆ ಓರೋನು ಚಪ್ಲಿ ಮೆಟ್ತಾನೇನಮ್ಮ?"

"ಶಿಲುಬೆ ನೀನೇ ಓರು ಚೌರಪ್ಪ" ಎಂದೆ. "ಇವನಿಗೆ ಕುಷ್ಠ. ಆ ಕಾಲಿಗೆ ಏನೂ ಗೊತ್ತಾಗಲ್ಲ. ಅದಕ್ಕೇ ನೆನ್ನೆ ಅಲ್ಲಾಡ್ದೆ ಕೂತಿದ್ದ. ಆಸ್ಪತ್ರೆಗೆ ಕರ್ಕೊಂಡೋಗ್ತಿದೀನಿ. ದಾರಿ ಬಿಡಿ."

ಬಿಟ್ಟರು. ಬೇಕಾದ್ದಕ್ಕಿಂತ ಅಗಲವಾಗಿಯೇ ಬಿಟ್ಟರು. ನಾನು ಇನ್ನಾಸಪ್ಪನ ಕೈ ಹಿಡಿದುಕೊಂಡು ಅವರ ನಡುವೆ ನಡೆದು, ತುಮಕೂರು ರಸ್ತೆಗೆ ಬಂದು, ಬಸ್ಸಿಗೆ ಕೈ ಅಡ್ಡ ಹಾಕಿದೆ.