ಮೊಲದಪ್ಪನ ಕೈ

ಔಷಧಿ ಕಾರ್ಖಾನೆಯ ಹಿಂಬದಿಯಲ್ಲಿ ಕಿಟಕಿಗಳೇ ಇಲ್ಲದ ಒಂದು ಉದ್ದನೆಯ ಕಟ್ಟಡವಿದೆ. ಅದನ್ನು ಎಲ್ಲರೂ ಅನಿಮಲ್ ಹೌಸ್ ಎನ್ನುತ್ತಾರೆ. ಅಲ್ಲಿ ಮೊಲಗಳನ್ನು ನೋಡಿಕೊಳ್ಳುವವನಿಗೂ ಹೆತ್ತವರು ಇಟ್ಟ ಹೆಸರೊಂದಿದೆ, ಆದರೆ ಸಂಬಳ ಬರೆಯುವವರನ್ನು ಬಿಟ್ಟರೆ ಅದು ಯಾರಿಗೂ ನೆನಪಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಕಟ್ಟಿಕೊಂಡ ಹೆಂಡತಿಯವರೆಗೆ ಎಲ್ಲರಿಗೂ ಅವನು ಮೊಲದಪ್ಪ. ಹೆಂಡತಿ ಹಾಗೆ ಕರೆಯಲು ಶುರುಮಾಡಿದ್ದು ಸಿಟ್ಟಿನಲ್ಲಿ. ಮಾತೆತ್ತಿದರೆ ಮೊಲ ಎನ್ನುವ ಗಂಡನನ್ನು ಇನ್ನೇನೆಂದು ಕರೆದಾಳು? ಆಮೇಲೆ ಅದೇ ರೂಢಿಯಾಯಿತು.

ಕಾರ್ಖಾನೆಯಲ್ಲಿ ತಯಾರಾದ ಇಂಜೆಕ್ಷನ್ನು, ಡ್ರಿಪ್ ಬಾಟಲಿ ಆಸ್ಪತ್ರೆಗೆ ಹೋಗುವ ಮುಂಚೆ ಅದರಲ್ಲಿ ಸ್ವಲ್ಪವನ್ನು ಮೊಲದ ಕಿವಿಯ ನರಕ್ಕೆ ಚುಚ್ಚಿ ನೋಡುತ್ತಾರೆ. ಮೊಲಕ್ಕೆ ಜ್ವರ ಬಂದರೆ ಮದ್ದು ಕೆಟ್ಟಿದೆ ಎಂದು ಲೆಕ್ಕ. ಬಾರದಿದ್ದರೆ ಮನುಷ್ಯರಿಗೆ ಕೊಡಬಹುದು. ಆದರೆ ಇದರಲ್ಲೊಂದು ತೊಡಕಿದೆ. ಮೊಲದಂಥ ಪುಕ್ಕಲು ಪ್ರಾಣಿಗೆ ಹೆದರಿದರೂ ಮೈ ಬಿಸಿಯಾಗುತ್ತದೆ. ಮದ್ದಿನ ಬಿಸಿ ಯಾವುದು, ಹೆದರಿಕೆಯ ಬಿಸಿ ಯಾವುದು ಎಂದು ಪಾಪದ ಥರ್ಮಾಮೀಟರಿಗೇನು ಗೊತ್ತು? ಆದ್ದರಿಂದ ಮೊಲ ಹೆದರಬಾರದು. ಹೆದರದಂತೆ ನೋಡಿಕೊಳ್ಳುವುದೇ ಮೊಲದಪ್ಪನ ಕೆಲಸ.

ಮೊಲಗಳು ಬಂದ ದಿನದಿಂದಲೇ ಅವನು ಅವುಗಳಿಗೆ ತನ್ನ ಕೈ ರೂಢಿ ಮಾಡಿಸುತ್ತಾನೆ. ಒಂದು ಅಂಗೈಯಿಂದ ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಕಿವಿಯ ಹಿಂದೆ ಮೆಲ್ಲಗೆ ಉಜ್ಜುತ್ತಾ, ಗಂಟಲೊಳಗೇ ಗುನುಗುತ್ತಾನೆ. ಕೈಯ ವಾಸನೆ ಬದಲಾಗಬಾರದೆಂದು ಮನೆಯಲ್ಲೂ ಬೇರೆ ಸೋಪು ಮುಟ್ಟುವುದಿಲ್ಲ. ಪರೀಕ್ಷೆಯ ಹೊತ್ತಿಗೆ ಮೊಲ ಮೇಜಿನ ಮೇಲೆ, ಅವನ ಅಂಗೈಯ ಕೆಳಗೆ ಕಣ್ಣು ಬಿಟ್ಟುಕೊಂಡೇ ಸುಮ್ಮನೆ ಕೂತಿರುತ್ತದೆ. ಪರೀಕ್ಷೆ ಮುಗಿದ ಮೇಲೆ ಎದ್ದು ಸೊಪ್ಪು ತಿನ್ನುತ್ತದೆ.

ಆದರೆ ಒಂದು ಮೊಲವನ್ನು ಎಷ್ಟು ಸಲವೆಂದು ಚುಚ್ಚುವುದು? ಸರದಿ ಮುಗಿದವಕ್ಕೆ ಕೊನೆಯ ಸೂಜಿ ಇದೆ. ಆಗಲೂ ಹಿಡಿದುಕೊಳ್ಳುವವನು ಅವನೇ. ಆ ಸೂಜಿಗೆ ಮಾತ್ರ ಅಂಗೈಯ ಕೆಳಗೆ ರೆಪ್ಪೆ ಮುಚ್ಚಿಕೊಳ್ಳುತ್ತದೆ, ಮೈ ಭಾರವಾಗುತ್ತದೆ. ಹೊಟ್ಟೆಪಾಡು ಎಂದುಕೊಂಡು ಅವನು ಇಷ್ಟು ವರ್ಷ ತಳ್ಳಿದ್ದ.

ಹೆದರಿಕೆ ಹುಟ್ಟಿದ್ದು ಮೊಮ್ಮಗಳ ಜೊತೆಗೆ. ಬಾಣಂತನಕ್ಕೆ ಬಂದಿದ್ದ ಮಗಳು, ರಚ್ಚೆ ಹಿಡಿದಿದ್ದ ಕೂಸನ್ನು ಅವನ ತೊಡೆಯ ಮೇಲೆ ಮಲಗಿಸಿ ಒಳಗೆ ಹೋಗಿದ್ದಳು. ಅವನ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಮಗುವಿನ ಕಿವಿಯ ಹಿಂದಕ್ಕೆ ಹೋಯಿತು. ಅಳು ನಿಂತಿತು. ರೆಪ್ಪೆ ಮುಚ್ಚಿತು. ಪುಟ್ಟ ಮೈ ಭಾರವಾಯಿತು. ಆ ಭಾರ ಅವನಿಗೆ ಚೆನ್ನಾಗಿ ಗೊತ್ತಿದ್ದ ಭಾರ. ಮಗುವನ್ನು ಹೆಂಡತಿಯ ಮಡಿಲಿಗೆ ಹಾಕಿ ಹಿತ್ತಲಿಗೆ ಹೋದವನು ಕೈ ತೊಳೆದದ್ದೇ ತೊಳೆದದ್ದು.

ಅಂದಿನಿಂದ ಅವನು ಮೊಮ್ಮಗಳನ್ನು ಮುಟ್ಟಲಿಲ್ಲ. ನೆಗಡಿ ಎಂದ, ಬೆನ್ನುನೋವು ಎಂದ. ನೆಪಗಳೆಲ್ಲ ತೀರಿದ ಮೇಲೆ ಎದ್ದು ಹೊರಗೆ ಹೋಗತೊಡಗಿದ. ಮೊಲಕ್ಕಿರುವ ಭಾಗ್ಯ ನನ್ನ ಮಗಳಿಗಿಲ್ಲ ಎಂದು ಮಗಳು ಮೊದಮೊದಲು ನಗುತ್ತಾ ಹೇಳುತ್ತಿದ್ದಳು. ಆಮೇಲಾಮೇಲೆ ಹೇಳುವಾಗ ನಗು ಇರುತ್ತಿರಲಿಲ್ಲ.

ಕಡೆಗೊಮ್ಮೆ ಅವನು ಅನಿಮಲ್ ಹೌಸಿನ ಡಾಕ್ಟರಮ್ಮನ ಹತ್ತಿರ ಹೋಗಿ, ತನ್ನನ್ನು ಗೂಡು ತೊಳೆಯುವ ಕೆಲಸಕ್ಕೆ ಹಾಕಿ ಎಂದು ಕೇಳಿಕೊಂಡ. ಆಕೆಯೇನು ಕಲ್ಲುಮನಸ್ಸಿನವಳಲ್ಲ. ಕೊನೆಯ ಸೂಜಿಯ ದಿನ ಊಟ ಬಿಡುವವಳು. ಆದರೂ ಹೇಳಿದಳು:

"ಹೊಸಬರ ಕೈಯಲ್ಲಿ ಅವು ನಡುಗ್ತಾ ಸಾಯ್ತವೆ. ನಿಮ್ಮ ಕೈಯಲ್ಲಿ ಹಾಗಾಗಲ್ಲ. ಯಾವುದು ಬೇಕು, ನೀವೇ ಹೇಳಿ."

ಎರಡೂ ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು ಅವನು ಗೂಡಿನ ಕಡೆಗೆ ನಡೆದ.

ಒಂದು ಭಾನುವಾರ ಮಗುವಿನ ಮೈ ಕೆಂಡವಾಯಿತು. ಹಾಲು ಕುಡಿಯಲೊಲ್ಲದು, ಅಳಲೂ ಶಕ್ತಿಯಿಲ್ಲ. ಅಳಿಯ ಕೆಲಸದ ಮೇಲೆ ಪರವೂರಿನಲ್ಲಿದ್ದ. ಜೀವ ಕೈಯಲ್ಲಿ ಹಿಡಿದುಕೊಂಡು ಮೂವರೂ ಆಸ್ಪತ್ರೆಗೆ ಓಡಿದರು. ಹೆಂಡತಿ ಮದ್ದಿನಂಗಡಿಯ ಸಾಲಿನಲ್ಲಿ ನಿಂತಳು. ವಾರ್ಡಿನಲ್ಲಿ ನರ್ಸಮ್ಮ ಡ್ರಿಪ್ ಹಾಕಲು ಎರಡು ಸಲ ನೋಡಿದಳು, ಎರಡು ಸಲವೂ ಮಗು ಕೊಸರಿಕೊಂಡಿತು. ಮಗಳಿಗೆ ಅದನ್ನು ಹಿಡಿದಿಡಲಾಗಲಿಲ್ಲ. ತಾತ ಹಿಡಿದುಕೊಳ್ಳಲಿ ಎಂದಳು ನರ್ಸಮ್ಮ. ತನ್ನಿಂದಾಗದು ಎಂದು ಅವನು ಗೋಡೆಗೆ ಒತ್ತಿಕೊಂಡು ನಿಂತ. ಆದರೆ ಜಗ್ಗಾಡುವಷ್ಟು ಪುರಸೊತ್ತು ಯಾರಿಗಿತ್ತು? ಮಗು ಅವನ ತೊಡೆಗೆ ಬಂತು.

ಅಂಗೈ ಕಣ್ಣು ಮುಚ್ಚಿತು, ಹೆಬ್ಬೆರಳು ಕಿವಿಯ ಹಿಂದೆ ಹೋಯಿತು, ಗಂಟಲು ತಾನಾಗಿ ಗುನುಗಿತು. ಮಗು ಸುಮ್ಮನಾಯಿತು. ಸೂಜಿ ಇಳಿಯಿತು.

"ಎಷ್ಟು ಚೆನ್ನಾಗಿ ಹಿಡ್ಕೋತೀರಿ ತಾತ, ಒಂಚೂರೂ ಅಲುಗಾಡಲಿಲ್ಲ ನೋಡಿ," ಎಂದಳು ನರ್ಸಮ್ಮ.

ಇದೇ ಮಾತನ್ನು ಅವನು ಅನಿಮಲ್ ಹೌಸಿನಲ್ಲಿ ಎಷ್ಟು ಸಲ ಕೇಳಿರಲಿಲ್ಲ! ತಲೆಯೆತ್ತಿದರೆ, ನೇತಾಡುತ್ತಿದ್ದ ಬಾಟಲಿಯ ಮೇಲೆ ಅವನದೇ ಕಾರ್ಖಾನೆಯ ಚೀಟಿ. ಆ ನೀರು ಮಗುವಿನ ಮೈಗೆ ನಂಬಿಕೆಯಿಂದ ಇಳಿಯಬೇಕಾದರೆ ಯಾವುದೋ ಮೊಲ ಅವನ ಅಂಗೈಯ ಕೆಳಗೆ ಕೂತಿರಲೇಬೇಕು. ಅದು ಕೂರದೇ ಇದ್ದಿದ್ದರೆ ಈ ಬಾಟಲಿಯನ್ನು ಯಾವ ಧೈರ್ಯದ ಮೇಲೆ ಇಲ್ಲಿ ನೇತುಹಾಕುವುದು? ಅವನು ಯೋಚಿಸುತ್ತಿದ್ದ ಹಾಗೆಯೇ ಮಗುವಿನ ರೆಪ್ಪೆ ಮುಚ್ಚಿತು. ಮೈ ಭಾರವಾಯಿತು.

ಅವನು ಬೆರಳಿನಿಂದ ಅದರ ಪಾದ ತಟ್ಟಿದ. ಮಗು ಕುಂಯ್‌ಗುಟ್ಟಿ ಮತ್ತೆ ನಿದ್ದೆಗೆ ಜಾರಿತು. ಮತ್ತೆ ತಟ್ಟಿದ, ಈ ಸಲ ಜೋರಾಗಿ. ಮಗು ಕಿಟಾರನೆ ಕಿರುಚಿತು. ಮೂರನೆಯ ಸಲಕ್ಕೆ ಮಗಳು ಅವನ ಮಣಿಕಟ್ಟು ಹಿಡಿದುಕೊಂಡಳು.

"ಅಪ್ಪಾ, ಯಾಕೆ ಎಬ್ಬಿಸ್ತೀಯ? ಈಗ ತಾನೇ ಕಣ್ಣು ಮುಚ್ಚಿದೆ."

"ನನ್ನ ಕೈಯಲ್ಲಿ ಸೂಜಿ ಚುಚ್ಚಿಸ್ಕೊಂಡು ಹಿಂಗೆ ಮಲಗಿದ್ದು ಒಂದೂ ಎದ್ದಿಲ್ಲ ಮಗಳೇ."

ಮಗಳು ಅವನ ಮುಖ ನೋಡಿದಳು. ನೆಗಡಿ, ಬೆನ್ನುನೋವು, ಎದ್ದು ಹೊರಗೆ ಹೋಗುತ್ತಿದ್ದುದು ಎಲ್ಲ ಅವಳಿಗೆ ಆಗ ಅರ್ಥವಾಗಿರಬೇಕು. ಮಣಿಕಟ್ಟು ಬಿಟ್ಟಳು.

"ಹಾಗಾದ್ರೆ ಇದು ಏಳೋ ತನಕ ಕೆಳಗಿಳಿಸಬೇಡ," ಎಂದಳು.

ಅವನು ಇಳಿಸಲಿಲ್ಲ. ಕಾಲು ಜೋಮು ಹಿಡಿಯಿತು, ಹಣೆಯ ಬೆವರು ಕಣ್ಣಿಗಿಳಿಯಿತು. ಮಗುವಿನ ಹೊಟ್ಟೆ ಏರುವುದನ್ನು ಇಳಿಯುವುದನ್ನು ನೋಡುತ್ತಾ ಕೂತ. ಇಳಿದದ್ದು ಏರುವುದು ಚೂರು ತಡವಾದರೂ ಅವನ ಜೀವ ಬಾಯಿಗೆ ಬರುತ್ತಿತ್ತು. ಬಾಟಲಿ ಖಾಲಿಯಾಗುವ ಹೊತ್ತಿಗೆ ಮಗು ಉಚ್ಚೆ ಹೊಯ್ದು ಅವನ ಅಂಗಿ ಬೆಚ್ಚಗೆ ಒದ್ದೆಯಾಯಿತು. ಮಗು ಕಣ್ಣು ಬಿಟ್ಟು, ತಾತನ ಮುಖ ನೋಡಿ, ಹಸಿವಿಗೆ ಚೀರಿಕೊಂಡಿತು. ಮೊಲದಪ್ಪ ಅದಕ್ಕಿಂತ ಜೋರಾಗಿ ಅತ್ತ. ವಾರ್ಡಿನವರೆಲ್ಲ ತಿರುಗಿ ನೋಡಿದರು.

ಮರುದಿನ ಕೊನೆಯ ಸೂಜಿಯ ಸರದಿ. ಮೇಜಿನ ಮೇಲೆ ಒಂದು ಕಿವಿ ಸೊಟ್ಟಗಿದ್ದ ಬಿಳಿ ಮೊಲ. ಅದು ರೂಢಿಯಂತೆ ಬಂದು ಅವನ ಅಂಗೈಯೊಳಗೆ ಮೂತಿ ತೂರಿಸಿತು. ಅವನು ಕೈ ಹಿಂದಕ್ಕೆ ಎಳೆದುಕೊಂಡ. ಇವತ್ತು ತನ್ನಿಂದ ಆಗುವುದಿಲ್ಲ ಎಂದ. ಡಾಕ್ಟರಮ್ಮ ಸೂಜಿ ಹಿಡಿದು ನಿಂತಳು.

ಮೊಲ ಅತ್ತಿತ್ತ ಅವನ ಕೈ ಹುಡುಕಿತು. ಸಿಗದಿದ್ದಾಗ ಕಿವಿ ಮಡಿಚಿ ಮೈಗೆ ಅಂಟಿಸಿಕೊಂಡಿತು. ನಡುಕ ಶುರುವಾಯಿತು. ನುಣ್ಣನೆಯ ಸ್ಟೀಲಿನ ಮೇಲೆ ಅದರ ಉಗುರುಗಳು ಜಾರಿ ಕರಕರ ಸದ್ದು ಮಾಡಿದವು. ಆ ಹೆದರಿಕೆ ಎಂಥದ್ದೆಂದು ನಿನ್ನೆಯಿಂದ ಅವನಿಗೂ ಗೊತ್ತಿತ್ತು.

ಅವನು ಕೈ ಮತ್ತೆ ಇಟ್ಟ. ಮೊಲ ಸುಮ್ಮನಾಯಿತು. ಸೂಜಿ ಇಳಿಯಿತು. ಅಂಗೈಯ ಕೆಳಗೆ ರೆಪ್ಪೆ ಮುಚ್ಚುತ್ತಿದ್ದಂತೆ, ಅವನ ಇನ್ನೊಂದು ಕೈ ಅದರ ಹಿಂಗಾಲಿನ ಪಾದವನ್ನು ಮೆಲ್ಲಗೆ ತಟ್ಟಿತು. ಮತ್ತೆ ತಟ್ಟಿತು.