ಸೂಲಗಿತ್ತಿ ಆಯಿ ಮತ್ತು ನನ್ನ ಪ್ರಬಂಧ

ಮೊನ್ನೆ ಪಕ್ಕದ ಮನೆಯವರು ಬಾಣಂತಿ ಮಗಳನ್ನು ಕರೆತಂದರು. ಕೂಸು ನೋಡಲು ಹೋದವಳಿಗೆ ಹೊಸ್ತಿಲಲ್ಲೇ ತೇದ ಬಜೆಯ ವಾಸನೆ ಬಡಿಯಿತು. ಎರಡು ಮಾತಾಡಿ, ಮಂಡಿನೋವಿನ ನೆಪ ಹೇಳಿ ಎದ್ದು ಬಂದೆ. ಈ ವಯಸ್ಸಿನಲ್ಲಿ ಆ ನೆಪವನ್ನು ಯಾರೂ ಪ್ರಶ್ನಿಸುವುದಿಲ್ಲ. ನಿಜ ಹೇಳಬೇಕೆಂದರೆ, ಆ ವಾಸನೆ ಮುಶಿಗೇರಿಯ ಸೂಲಗಿತ್ತಿಯ ಸೆರಗಿನದು…

ಐವತ್ತರ ದಶಕದ ಮಾತು. ನರಗುಂದದ ಹುಡುಗಿ ನಾನು, ಮುಂಬಯಿಯಲ್ಲಿ ಸಮಾಜ ಕಲ್ಯಾಣದ ಸ್ನಾತಕೋತ್ತರ ಓದಿಗೆ ಸೇರಿದ್ದೆ. ಬಡವರಿಗಾಗಿ ಸರಕಾರ ಏನು ಮಾಡಬೇಕೆಂಬುದನ್ನು, ಬಡವರನ್ನು ಬಿಟ್ಟು ಉಳಿದವರೆಲ್ಲ ಬರೆದ ಪುಸ್ತಕಗಳಿಂದ ಕಲಿಯುವ ಓದು ಅದು. ಕೊನೆಯ ವರ್ಷದ ಪ್ರಬಂಧಕ್ಕೆ ಹಳ್ಳಿಯ ಹೆರಿಗೆ ಮತ್ತು ಶಿಶುಮರಣದ ವಿಷಯ ಆರಿಸಿಕೊಂಡೆ. ಗಜೇಂದ್ರಗಡದವರೆಗೆ ಬಸ್ಸು, ಅಲ್ಲಿಂದ ಮುಶಿಗೇರಿಗೆ ಚಕ್ಕಡಿ. ಚೀಲದ ತುಂಬ ಪ್ರಶ್ನೆಗಳ ಹಾಳೆಗಳು.

ಮೊದಲ ವಾರ ಹೆಂಗಸರು ಚಹಾ ಕೊಟ್ಟರು, ಉತ್ತರವನ್ನೂ ಕೊಟ್ಟರು. ಹಡೆದದ್ದೆಷ್ಟು, ಉಳಿದದ್ದೆಷ್ಟು ಎಂದರೆ ಹೆಚ್ಚುಕಡಿಮೆ ಎರಡಕ್ಕೂ ಒಂದೇ ಅಂಕಿ. ಈ ಊರಿನಲ್ಲಿ ಕೂಸುಗಳು ಸಾಯುವುದೇ ಇಲ್ಲವೆಂದು ನಾನು, ಜಾಣೆ, ಬರೆದುಕೊಂಡೆ. ಒಂದು ದಿನ ಬಾವಿಯ ದಾರಿಯಲ್ಲಿ ಸೂಲಗಿತ್ತಿ ನನ್ನನ್ನು ತಡೆದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಊರೆಲ್ಲ ಆಕೆಯನ್ನು ಆಯಿ ಎನ್ನುತ್ತಿತ್ತು.

"ಬಾಯಾರ, ಹಿಂಗ ಕೇಳಿದ್ರ ಯಾರೂ ಹೇಳಂಗಿಲ್ರಿ. ತೊಟ್ಟಿಲಕ್ಕ ಹಾಕಿ ಹೆಸರ ಇಡೂದ್ರಾಗ ಹೋದ ಕೂಸನ್ನ ನಮ್ಮ ಕಡೆ ಎಣಸಂಗಿಲ್ಲ. ತೊಟ್ಟಿಲಕ್ಕ ಹಾಕದ್ದು ಎಷ್ಟು ಅಂತ ಕೇಳ್ರಿ."

ಮರುದಿನದಿಂದ ತಾನೇ ಜೊತೆಗೆ ಬಂದಳು. ಹೆಂಗಸರ ಪಕ್ಕ ಕುಳಿತು ಆ ಪ್ರಶ್ನೆಯನ್ನು ತಾನೇ ಕೇಳುತ್ತಿದ್ದಳು. ಕೆಲವರು ಅತ್ತರು. ಒಬ್ಬಾಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ "ಮೂರು" ಎಂದಳು. ತನ್ನ ಕೈಯಲ್ಲೇ ಹೋದ ಕೂಸುಗಳು ಯಾವುವೆಂಬುದನ್ನೂ ಆಯಿ ಮುಚ್ಚಿಡಲಿಲ್ಲ.

"ಹೊಕ್ಕಳ ಕುಡಗೋಲಿಲೇ ಕೊಯ್ತೀನ್ರಿ. ಅದರಾಗ ಏನೋ ನಂಜ ಐತಿ ಅನಸ್ತೈತಿ. ಶಹರದಾಗ ಸೂಲಗಿತ್ತ್ಯಾರಿಗೆ ಕಲಸ್ತಾರಂತಲ್ಲ, ನನ್ನನ್ನೂ ಕಳಸ್ರಿ ಅಂತ ನಿಮ್ಮ ಪುಸ್ತಕದಾಗ ಬರೀರಿ. ಇನ್ನ ಹತ್ತ ವರ್ಷ ದುಡೀತೀನಿ."

ಬರೆಯುತ್ತೇನೆಂದು ಮಾತು ಕೊಟ್ಟೆ. ಬರೆದೆ ಕೂಡ. ಹೊಸಬರನ್ನು ಕಳಿಸುವ ಮೊದಲು ಊರಿನ ಸೂಲಗಿತ್ತಿಯರಿಗೇ ತರಬೇತಿ ಕೊಡಬೇಕೆಂದು ಎರಡು ಪುಟ, ಅದರಲ್ಲಿ ಆಕೆಯ ಹೆಸರು.

ಪ್ರಾಧ್ಯಾಪಕರಿಗೆ ನನ್ನ ಅಂಕಿಗಳು ಬಹಳ ಹಿಡಿಸಿದವು. ಆ ಎರಡು ಪುಟಗಳ ಮೇಲೆ ಮಾತ್ರ ಕೆಂಪು ಗೀಟು ಎಳೆದರು. "ಇಷ್ಟು ಸಾವಿಗೆ ಈಕೆಯೇ ಕಾರಣ ಅಂತ ನಿಮ್ಮ ಅಂಕಿಗಳೇ ಹೇಳುತ್ತಿವೆ. ಈಕೆಯ ಪರ ವಕೀಲಿ ಯಾಕೆ? ಇಂಥವರು ಹೆರಿಗೆ ಮಾಡಿಸುವುದನ್ನೇ ನಿಲ್ಲಿಸಬೇಕು ಅಂತ ಬರೆಯಿರಿ." ಆಕೆ ಬಾಯಿ ಬಿಡದಿದ್ದರೆ ಈ ಅಂಕಿಗಳೇ ಇರುತ್ತಿರಲಿಲ್ಲ ಎಂದು ಹೇಳಬೇಕಿತ್ತು. ಬೆರಳಚ್ಚಿಗೆ ಕೊಡುವ ದಿನ ಹತ್ತಿರ ಬಂದಿತ್ತು, ದಣಿದಿದ್ದೆ… ಹೂಂ ಎಂದೆ. ಅವರು ಹೇಳಿದಂತೆಯೇ ಬರೆದೆ. ಮೊದಲ ದರ್ಜೆ ಬಂತು.

ಮರುವರ್ಷ ರಜೆಗೆ ಬಂದಾಗ ಮನಸ್ಸು ತಡೆಯದೆ ಮುಶಿಗೇರಿಗೆ ಹೋದೆ. ಆಯಿ ಅಂಗಳಕ್ಕೆ ಓಡಿ ಬಂದಳು. ಎರಡೂ ಕೈ ಬೋಳು, ಒಂದು ಬಳೆಯೂ ಇಲ್ಲ. ಗಂಡ ತೀರಿಕೊಂಡಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಆತ ಕೆಮ್ಮುತ್ತ ಹೊರಬಂದು ಕಟ್ಟೆಯ ಮೇಲೆ ಕುಳಿತ.

ನನ್ನ ಮುಖ ನೋಡಿ ಆಯಿ ನಕ್ಕಳು. "ಕಲಿಯಾಕ ಹೋಗೋರು ಬಳಿ ಇಟ್ಕೋಬಾರದಂತಲ್ರಿ, ಹೊಲಸು ನಿಂದರತೈತಂತ. ಇವರನ್ನ ಕೇಳೇ ತಗದೀನಿ. ಮಂದಿ ಬೈತಾರ, ಬೈಲಿ. ಕರಿಯೋ ಕಾಗದ ಯಾವಾಗ ಬರತೈತ್ರಿ?"

"ಬರತೈತಿ ಆಯಿ, ಲಗೂನ ಬರತೈತಿ," ಎಂದೆ.

ಮತ್ತೆ ಆ ಊರಿಗೆ ಹೋಗುವ ಮುಖ ನನಗೆ ಉಳಿಯಲಿಲ್ಲ. ಎಷ್ಟೋ ವರ್ಷ ಅದೇ ವಿಷಯವನ್ನು ಪಾಠ ಮಾಡಿ ನಿವೃತ್ತಳಾದೆ. ಈಗ ಆಕೆಯ ವಯಸ್ಸನ್ನೂ ದಾಟಿ ಬಹಳ ದೂರ ಬಂದಿದ್ದೇನೆ. ನಾಚಿಕೆಗೂ ಒಂದು ದಣಿವು ಬರುತ್ತದೆಂದು ತಿಳಿದಿದ್ದೆ, ಬಂದಿಲ್ಲ. ಆಯಿ ಎಂದೋ ಹೋಗಿರಬೇಕು. ಆ ಕಾಗದ ಬರುವುದಿಲ್ಲವೆಂದು ಆಕೆಗೆ ಯಾರಾದರೂ ಹೇಳಿದರೋ, ಅಥವಾ ಯಾರೂ ಹೇಳದೆ, ಒಂದು ದಿನ ತಾನಾಗಿಯೇ ಬಳೆಗಾರನ ಮುಂದೆ ಕುಳಿತು ಕೈ ಚಾಚಿದಳೋ… ನನಗೆ ಗೊತ್ತಿಲ್ಲ.