ಎಡಮಗ್ಗುಲಿಗೆ ಸವೆದ ಟೈರು

ಬೆಲ್ಲದ ಬಾಗೇವಾಡಿಯ ಲಕ್ಕಪ್ಪನಿಗೆ ದೇವರು ಎರಡು ಕಣ್ಣು ಕೊಟ್ಟಿದ್ದ. ಲಕ್ಕಪ್ಪ ಎರಡನ್ನೂ ಸಂಶಯಕ್ಕೇ ಮೀಸಲಿಟ್ಟಿದ್ದ. ಊರ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ಅವನ ಕೆಲಸ. ಕ್ಯಾನು ಹಿಡಿದು ಸಾಲಾಗಿ ನಿಂತವರ ಹಾಲು ನೋಡುವುದಕ್ಕೆ ಮೊದಲು ಅವನು ಅವರ ಮುಖ ನೋಡುತ್ತಿದ್ದ. ನೀರು ಬೆರೆಸಿ ತಂದವರು ಹಾಲಿನ ಕಡೆ ನೋಡುವುದಿಲ್ಲ, ಮೇಲೆ ನೋಡುತ್ತಾರೆ ಎಂಬುದು ಅವನ ಅನುಭವದ ಮಾತು. ಪಾಪ, ಮಳೆ ಬಂದೀತೇನೋ ಎಂದು ಮೋಡ ನೋಡಿದವರೂ ಅವನ ಕೈಯಲ್ಲಿ ಕಳ್ಳರೆಂದು ಬೈಸಿಕೊಂಡದ್ದುಂಟು.

ಡೇರಿಗೆ ಈ ಗುಣದಿಂದ ಲಾಭವಾಯಿತು, ಇಲ್ಲ ಎನ್ನಲಾಗದು. ಆದರೆ ಡೇರಿಯ ಬಾಗಿಲು ಹಾಕಿದ ಮೇಲೂ ಅವನ ಪರೀಕ್ಷೆ ಮುಗಿಯುತ್ತಿರಲಿಲ್ಲ. ಕಿರಾಣಿ ಅಂಗಡಿಯವನು ಅಕ್ಕಿ ತೂಗುವಾಗ ತಕ್ಕಡಿಯ ಕೆಳಗೆ ಬಗ್ಗಿ ನೋಡುತ್ತಿದ್ದ. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಟ್ಟರೆ ಒಂದೊಂದೇ ನಾಣ್ಯ ತಿರುವಿ ನೋಡುತ್ತಿದ್ದ. ಹೆಂಡತಿ ಕೆಂಚವ್ವನಿಗೆ ಇದೆಲ್ಲ ರೂಢಿಯಾಗಿತ್ತು. "ನಾ ಈ ಮನಿಗೆ ಬಂದಾಗಿನಿಂದ ಸಕ್ರಿ ಡಬ್ಬಿ ಮ್ಯಾಲ ಬೆರಳ ಗುರುತ ಹುಡುಕೋದು ಬಿಟ್ಟಿಲ್ಲ ನೀವ. ಒಂದಿನಾರ ಯಾರನ್ನಾರ ಹಿಡದೀರೇನ?" ಎಂದು ನಗುತ್ತಿದ್ದಳು. ನಗದೆ ಬೇರೆ ದಾರಿಯೂ ಇರಲಿಲ್ಲ ಅನ್ನಿ.

ಅವನಿಗೆ ಎಲ್ಲರಿಗಿಂತ ಹೆಚ್ಚು ಸಂಶಯವಿದ್ದದ್ದು ಮೆಕ್ಯಾನಿಕ್‌ಗಳ ಮೇಲೆ. ಗಾಡಿ ಅವರ ಕೈಗೆ ಸಿಕ್ಕರೆ ಹೊಸ ಸಾಮಾನು ಬಿಚ್ಚಿಕೊಂಡು ಹಳೆಯದು ತುರುಕುತ್ತಾರೆ ಎಂದು ಖಂಡಿತವಾಗಿ ನಂಬಿದ್ದ. ಹಾಗಾಗಿ ತನ್ನ ಮೋಟರ್‌ಸೈಕಲ್ಲಿನ ಆರೈಕೆಯನ್ನು ತಾನೇ ಮಾಡುತ್ತಿದ್ದ. ಭಾನುವಾರ ಬಂತೆಂದರೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಪಾನಾ ಹಿಡಿದು, ಚೈನು ಬಿಗಿ ಮಾಡಿ, ಎಣ್ಣೆ ಬಿಟ್ಟು, ಬಟ್ಟೆಯಿಂದ ಒರೆಸಿ, ಎದ್ದು ದೂರ ನಿಂತು ನೋಡಿ ತೃಪ್ತಿಪಡುತ್ತಿದ್ದ.

ಈಗ ಆ ಗಾಡಿ ಓಡಿಸುವವಳು ಮಗಳು ಸುಜಾತಾ. ಗೋಕಾಕದ ಒಂದು ಲ್ಯಾಬಿನಲ್ಲಿ ಕೆಲಸ. ನಡೆಯಲಾಗದ ಮುದುಕರ ಮನೆಗೇ ಹೋಗಿ, ಪರೀಕ್ಷೆಗೆ ರಕ್ತ ತೆಗೆದುಕೊಂಡು ಬರುವುದು ಅವಳ ಪಾಲಿನದು. ಬಸ್ಸು ಕಾಣದ ತೋಟದ ಮನೆಗಳಿಗೂ ಹೋಗಬೇಕಾಗಿದ್ದರಿಂದ ಲಕ್ಕಪ್ಪ ಹೂಂ ಅನ್ನಲೋ ಬೇಡವೋ ಎಂದು ಬಹಳ ದಿನ ಒದ್ದಾಡಿ ಕೊನೆಗೆ ಕೀಲಿ ಕೊಟ್ಟಿದ್ದ. ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಮುದುಕಿಯರು ಅವಳನ್ನೇ ಕೇಳಿ ಕರೆಸುತ್ತಿದ್ದರು. ಮೂಡಲಗಿಯಲ್ಲಿ ಲ್ಯಾಬಿನ ಹೊಸ ಶಾಖೆ ತೆರೆಯುವುದಿತ್ತು. ಅದನ್ನು ಸುಜಾತಾಳ ಕೈಗೇ ಒಪ್ಪಿಸುವುದೆಂದು ಲ್ಯಾಬಿನ ಒಡತಿ ಸುಮನ ಮೇಡಮ್ ಹೇಳಿದ ದಿನ ಕೆಂಚವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದಳು.

ಅಂಥ ಸಂತೋಷದ ದಿನಗಳಲ್ಲೇ ಒಂದು ಭಾನುವಾರ, ಚೈನು ಬಿಗಿ ಮಾಡಿ ಎದ್ದ ಲಕ್ಕಪ್ಪನ ಕಣ್ಣು ಹಿಂದಿನ ಟೈರಿನ ಮೇಲೆ ಬಿತ್ತು.

ಯುಗಾದಿಗೆ ಹಾಕಿಸಿದ ಟೈರು. ಬಲಗಡೆ ಅದರ ಗ್ರಿಪ್ಪು ಹೊಸದರ ಹಾಗೆ ಎದ್ದು ಕಾಣುತ್ತಿತ್ತು. ಎಡಗಡೆ ಮಾತ್ರ ಬೋಳು. ಬೆರಳಾಡಿಸಿದರೆ ನುಣ್ಣಗೆ ಜಾರುತ್ತಿತ್ತು. ಸವೆದರೆ ಟೈರು ಪೂರಾ ಸವೆಯಬೇಕು, ಇದೇನು ಒಂದೇ ಮಗ್ಗುಲು? ಲಕ್ಕಪ್ಪನ ಕಿವಿ ನೆಟ್ಟಗಾದವು. ಹಿಂದೊಮ್ಮೆ ಸುಜಾತಾ, "ಅಪ್ಪಾ, ಗಾಡಿ ಯಾಕೋ ಒಂದ ಕಡೆ ಎಳಿತೈತಿ" ಎಂದಿದ್ದಳು. "ನೀನ ಎಲ್ಲೋ ಬೀಳಿಸಿರಬೇಕ" ಎಂದು ಇವನು ಗದರಿಸಿದ್ದ. ಆಮೇಲೆ ಅವಳು ಆ ಮಾತೇ ಎತ್ತಿರಲಿಲ್ಲ. ಯಾಕೆ ಎತ್ತಲಿಲ್ಲ? ಈಗ ಅದೂ ಸಂಶಯಕ್ಕೆ ಕಾರಣವಾಯಿತು.

ಗಾಡಿ ತೆಗೆದುಕೊಂಡು ನೇರ ಹುಕ್ಕೇರಿಗೆ ಹೋದ. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಹಾಕುವ ಯಲ್ಲಾರಿ ಅವನಿಗೆ ಗುರುತಿನವನು. ಪಂಕ್ಚರಿನವನು ಮೆಕ್ಯಾನಿಕ್ ಅಲ್ಲವಾದ್ದರಿಂದ ಅವನನ್ನು ಅಷ್ಟಿಷ್ಟು ನಂಬಬಹುದು ಎಂಬುದು ಲಕ್ಕಪ್ಪನ ಲೆಕ್ಕ.

ಯಲ್ಲಾರಿ ಟೈರನ್ನು ತಿರುಗಿಸಿ ನೋಡಿ, ಬೆರಳಿನಿಂದ ಒತ್ತಿ, ದೊಡ್ಡ ಡಾಕ್ಟರನ ಹಾಗೆ ತಲೆ ಆಡಿಸಿದ. "ಕಾಕಾ, ಇದು ಒಂದ ಮಗ್ಗಲಕ್ಕ ವಜ್ಜಿ ಬಿದ್ದ ಸವದದ್ರಿ. ಎಡಕ್ಕ ಏನರ ಜೋತ ಹಾಕ್ಕೊಂಡ ಓಡಿಸ್ತಿರಬೇಕ. ಕಳ್ಳ ದಾರೂ ಕ್ಯಾನ ಒಯ್ತಾರ ನೋಡ್ರಿ, ಅವ್ರ ಗಾಡಿ ಹಿಂಗ ಆಕ್ಕಾವ."

"ನಮ್ಮ ಗಾಡಿ ನನ್ನ ಮಗಳ ಹೊಡಿತಾಳೋ! ಅಕಿ ಕಡೆ ಇರೋದು ಸಣ್ಣ ಡಬ್ಬಿ. ಅದರಾಗ ರಕ್ತದ ಬಾಟ್ಲಿ."

"ಹಂಗಾರ ಅಕಿ ಕಡೆಯಿಂದ ಇನ್ಯಾರೋ ಇಸ್ಕೊಂಡ ಹೋಗಾಕತ್ತಾರ್ರಿ" ಎಂದು ಯಲ್ಲಾರಿ ಸುಮ್ಮನೆ ಒಂದು ಮಾತು ಒಗೆದು, ಇನ್ನೊಂದು ಪಂಕ್ಚರಿಗೆ ಕೈ ಹಾಕಿದ.

ಅವನೇನೋ ಅಂದು ಮರೆತ. ಲಕ್ಕಪ್ಪನ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಮನೆಗೆ ಬರುವ ದಾರಿಯುದ್ದಕ್ಕೂ ಅದೇ. ಇನ್ಯಾರೋ ಎಂದರೆ ಯಾರು? ಹೆಣ್ಣುಮಗಳು ತನ್ನ ಗಾಡಿಯ ಕೀಲಿ ಒಬ್ಬನ ಕೈಗೆ ಕೊಡುತ್ತಾಳೆ ಎಂದರೆ ಅವನು ಎಷ್ಟು ಹತ್ತಿರದವನಿರಬೇಕು! ಅವನು ದಾರೂ ಸಾಗಿಸುವವನೇ ಆಗಿದ್ದರೆ? ಊರಿನ ಗಡಿ ದಾಟುವ ಹೊತ್ತಿಗೆ ಆ ಕಾಣದ ಮನುಷ್ಯನಿಗೆ ಲಕ್ಕಪ್ಪ ಮೀಸೆ, ಕನ್ನಡಕ ಎಲ್ಲ ಹಚ್ಚಿ ಮುಗಿಸಿದ್ದ.

ಮಗಳನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಎಚ್ಚರಾಗುತ್ತಾಳೆ ಎಂದು ಕೇಳಲಿಲ್ಲ. ಅದರ ಬದಲು ಬೆಳಗ್ಗೆ ಪೂಜೆ ಮುಗಿಸಿ, ಯಾರೂ ಇಲ್ಲದಾಗ, ಹಿಂದೆ ಯಾರಾದರೂ ಕಾಲಿಟ್ಟು ಕೂತರೆ ಅಳಿಸಿ ಗೊತ್ತಾಗಲೆಂದು ಗಾಡಿಯ ಹಿಂದಿನ ಫುಟ್‌ರೆಸ್ಟಿಗೆ ವಿಭೂತಿ ಬಳಿದು ಬಂದ. ಸಂಜೆ ನೋಡಿದರೆ ವಿಭೂತಿ ಇಲ್ಲ. ಗೋಕಾಕದಿಂದ ಮೂಡಲಗಿಯವರೆಗಿನ ಧೂಳು ತಿಂದು ಬಂದ ಗಾಡಿಯ ಮೇಲೆ ವಿಭೂತಿ ಹೇಗೆ ಉಳಿದೀತು ಎಂಬುದು ಅವನಿಗೆ ಹೊಳೆಯಲಿಲ್ಲ. ಸೀಟಿಗೆ ಮೂಗು ಹಚ್ಚಿ ವಾಸನೆ ನೋಡುತ್ತಿದ್ದಾಗ ಕೆಂಚವ್ವ ಬಂದುಬಿಟ್ಟಳು.

"ಏನ್ರಿ ಇದು, ಗಾಡಿ ಮೂಸಾಕತ್ತೀರಿ?"

"ನಿನಗ ತಿಳಿಯೂದಿಲ್ಲ, ಒಳಗ ನಡಿ."

ಆ ದಿನ ಊಟಕ್ಕೆ ಕೂತಾಗ ಅವನ ಹೊಟ್ಟೆಯೊಳಗಿನದು ಬಾಯಿಗೆ ಬಂತು. ರೊಟ್ಟಿ ಮುರಿಯುತ್ತಾ, ಮಗಳ ಕಡೆ ನೋಡದೆ ಹೇಳಿದ: "ಸಾಕು ಇನ್ನ. ಲ್ಯಾಬ್ ಬಿಟ್ಟಬಿಡು. ಮೂಡಲಗಿ ಬ್ಯಾಡ, ಗೋಕಾಕನೂ ಬ್ಯಾಡ."

ಸುಜಾತಾಳ ಕೈ ತುತ್ತಿನ ಮೇಲೆಯೇ ನಿಂತಿತು. "ಯಾಕಪ್ಪಾ? ಏನಾತು?"

"ಬ್ಯಾಡ ಅಂದ್ರ ಬ್ಯಾಡ. ನಾಳೆನ ಹೇಳಿ ಬಾ."

"ಹುಚ್ಚ ಹಿಡದೈತೇನ ನಿಮಗ?" ಎಂದು ಕೆಂಚವ್ವ ಕೂಗಾಡಿದಳು.  ಸುಜಾತಾ ಮತ್ತೆ ಕೇಳಲಿಲ್ಲ. ತಾಟು ಎತ್ತಿಕೊಂಡು ಒಳಗೆ ಹೋದಳು. ಅವಳು ಜಗಳಾಡಲಿಲ್ಲವಲ್ಲ, ಅದೂ ಅವನಿಗೆ ಸಂಶಯವೇ. ತಪ್ಪಿಲ್ಲದವಳು ಜಗಳಾಡುತ್ತಿರಲಿಲ್ಲವೇ?

ತನ್ನ ಮಾತು ಸರಿಯೆಂದು ತೋರಿಸಬೇಕಾದರೆ ಕಳ್ಳನನ್ನು ಹಿಡಿಯಲೇಬೇಕು. ಮರುದಿನ ಡೇರಿಗೆ ರಜೆ ಹೇಳಿ, ಅವಳು ಗಾಡಿ ಹೊರಡಿಸಿದ ಮೇಲೆ ಬಸ್ಸು ಹಿಡಿದು ಗೋಕಾಕಕ್ಕೆ ಹೋದ. ಲ್ಯಾಬಿನ ಎದುರಿನ ಚಹಾದಂಗಡಿಯಲ್ಲಿ, ತಲೆಗೆ ವಲ್ಲಿ ಸುತ್ತಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ. ಚಹಾ ಆರಿತು. ಅಂಗಡಿಯವನು ಇವನನ್ನೇ ಅನುಮಾನದಿಂದ ನೋಡತೊಡಗಿದ.

ಬಹಳ ಹೊತ್ತಾದ ಮೇಲೆ ಒಬ್ಬ ತರುಣ ಬಂದು ಲ್ಯಾಬಿನ ಮೆಟ್ಟಿಲ ಬಳಿ ನಿಂತ. ಸುಜಾತಾ ಕೆಳಗಿಳಿದು ಬಂದಳು. ಮೆಲ್ಲಗೆ ಏನೋ ಹೇಳಿ, ಕೀಲಿ ಅವನ ಕೈಯಲ್ಲಿಟ್ಟಳು. ಅವನು ನಕ್ಕು, ಗಾಡಿ ಹತ್ತಿ ಹೊರಟೇಹೋದ.

 ಲಕ್ಕಪ್ಪ ಇಷ್ಟು ದಿನ ಬಯಸಿ ಹುಡುಕಿದ್ದು ಕಣ್ಣೆದುರಿಗೇ ಸಿಕ್ಕಿತ್ತು. ಸಿಕ್ಕಮೇಲೆ ಖುಷಿಯಾಗಬೇಕಿತ್ತಲ್ಲವೇ? ಅವನಿಗೆ ಅಳು ಬಂತು. ತನ್ನ ಸಂಶಯ ಸುಳ್ಳಾಗಲಿ ಎಂದು ತಾನು ಒಳಗೊಳಗೇ ಎಷ್ಟು ಆಸೆಪಟ್ಟಿದ್ದೆ ಎಂಬುದು ಆಗಲೇ ಅವನಿಗೆ ಗೊತ್ತಾದದ್ದು.

ಎದ್ದು ಓಡಿ ಆಟೋ ಹತ್ತಿದ. "ಆ ಗಾಡಿ ಬೆನ್ನ ಹತ್ತೋ ತಮ್ಮಾ."

"ಏನ್ ಕಾಕಾ, ಪೊಲೀಸ್ನವರೇನ?" ಎಂದು ಆಟೋದವನು ನಕ್ಕ.

ಗಾಡಿ ಗೋಕಾಕ ಫಾಲ್ಸ್ ರಸ್ತೆ ಹಿಡಿದು, ಸ್ವಲ್ಪ ದೂರದಲ್ಲಿ ಒಂದು ಗ್ಯಾರೇಜಿನ ಮುಂದೆ ನಿಂತಿತು. ದಾರೂ ಇಲ್ಲ, ಕ್ಯಾನೂ ಇಲ್ಲ. ಲಕ್ಕಪ್ಪ ಇಳಿದು ಹತ್ತಿರ ಹೋಗುವಷ್ಟರಲ್ಲಿ ಆ ತರುಣ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಹಿಂದಿನ ಗಾಲಿಯ ನಟ್ಟು ಸಡಿಲಿಸುತ್ತಿದ್ದ. ಗೋಡೆಯ ಮೇಲೆ 'ಸೂರಜ ಆಟೋ ಗ್ಯಾರೇಜ್' ಎಂದು ಬರೆದಿತ್ತು.

ಮೆಕ್ಯಾನಿಕ್! ಸಾಮಾನು ಕಳ್ಳ! ಲಕ್ಕಪ್ಪ ದಾರಿಹೋಕನ ಹಾಗೆ ನಿಂತು ಕೇಳಿದ: "ಏನಾಗೇತಿ ಗಾಡಿಗೆ?"

"ನೋಡ್ರಿಲ್ಲಿ ಕಾಕಾ" ಎಂದ ಸೂರಜ. ಗಾಲಿಯ ಎರಡೂ ಕಡೆ, ಆಕ್ಸಲ್ ಕೂರುವಲ್ಲಿ ಸಣ್ಣ ಸಣ್ಣ ಗೆರೆಗಳಿದ್ದವು. "ಚೈನ್ ಬಿಗಿ ಮಾಡಬೇಕಾರ ಎರಡೂ ಕಡೆ ನಟ್ಟ ಸಮಾ ತಿರುವಬೇಕು. ಈ ಗೆರಿ, ಆ ಕಡೆ ಗೆರಿ, ಎರಡೂ ಒಂದ ಇರಬೇಕು. ಈ ಗಾಡಿಗೆ ಯಾರೋ ಚೈನ್ ಇದ್ದ ಕಡೆ ಅಷ್ಟ ಬಿಗಿ ಮಾಡ್ತಾರ. ಗಾಲಿ ಸೊಟ್ಟ ಆಕ್ಕೈತಿ, ಸೊಟ್ಟ ಓಡತೈತಿ. ಅದಕ್ಕ ಟೈರ್ ಒಂದ ಮಗ್ಗಲ ತಿಂದ್ಹೋಗೇತಿ."

 ಚೈನು ಇರುವುದು ಎಡಗಡೆ, ಬಲಗಡೆ ನಟ್ಟಿಗೇನು ಕೆಲಸ ಎಂದು ಲಕ್ಕಪ್ಪ ಇವತ್ತಿನವರೆಗೆ ಆ ಕಡೆ ಪಾನಾ ಹಚ್ಚಿದವನೇ ಅಲ್ಲ.

"ತಿಂಗಳಾ ಬಂದು ಸೀದಾ ಮಾಡ್ಸಿಕೊಂಡ ಹೋಗ್ತಾರ್ರಿ ಅಕ್ಕಾರು. ಮತ್ತ ಸೊಟ್ಟ ಆಗೇ ಬರ್ತೈತಿ" ಎಂದು ಸೂರಜ ಮಾತು ಮುಂದುವರಿಸಿದ. "ನಾ ಅಂದ್ನಿ, ಯಾವ ಕತ್ತೆ ಮಾಡ್ತಾನ್ರಿ ಇದನ್ನ, ಅವಗ ಒಂದ ಮಾತ ಹೇಳ್ರಿ ಅಂತ. ನನಗ ಬೈದ್ರು. ನಮ್ಮಪ್ಪ ಮಾಡ್ತಾನ, ಅವಗ ಏನೂ ಅನಬ್ಯಾಡ ಅಂದ್ರು. ಭಾನುವಾರ ಪಾನಾ ಹಿಡದು ಕುಂತಾಗ ಅವನ ಮಾರಿ ನೋಡಬೇಕು, ಅಷ್ಟ ಖುಷಿ ಇರ್ತೈತಿ, ಅದನ್ಯಾಕ ಕೆಡಿಸಬೇಕು ಅಂದ್ರು."

ಲಕ್ಕಪ್ಪನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಮಗಳು ತನ್ನಿಂದ ಮುಚ್ಚಿಟ್ಟಿದ್ದಾಳೆ ಎಂದು ಅವನು ಊಹಿಸಿದ್ದು ಖರೆಯೇ ಆಗಿತ್ತು. ಮುಚ್ಚಿಟ್ಟದ್ದು ಮಾತ್ರ ಅವನದೇ ತಪ್ಪನ್ನು.

ಅಷ್ಟರಲ್ಲಿ ಸುಜಾತಾ ನಡೆದುಕೊಂಡೇ ಬಂದಳು. ಅಪ್ಪನನ್ನು ಕಂಡು ನಿಂತಳು. ತಲೆಗೆ ಸುತ್ತಿದ ವಲ್ಲಿ, ಹೊರಗೆ ಕಾಯುತ್ತಿದ್ದ ಆಟೋ, ಅಪ್ಪನ ಮುಖ, ಎಲ್ಲವನ್ನೂ ನೋಡಿದಳು.

"ನನ್ನ ಹಿಂದಿಂದ ಬಂದೇನಪ್ಪಾ?"

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. "ಹೂಂನವ್ವಾ. ನಿನ್ನ ಮ್ಯಾಲೆ ಸಂಶಾ ಮಾಡಿದ್ನಿ. ಗಾಡಿ ಯಾರಿಗೋ ಕೊಡ್ತಿ ಅಂತ. ಏನೇನೋ ತಿಳಕೊಂಡ್ನಿ. ತಪ್ಪಾತು."

ಅವಳ ಕಣ್ಣು ತುಂಬಿದವು.  "ಲ್ಯಾಬಿನ್ಯಾಗ ಹೇಳಿ ಬಂದೇನಿ ಅಪ್ಪಾ, ನಾಳೆಯಿಂದ ಬರೂದಿಲ್ಲ ಅಂತ. ಮೂಡಲಗಿಗೆ ಬ್ಯಾರೆಯವ್ರನ್ನ ನೋಡ್ತೇವಿ ಅಂದ್ರು."

ಲಕ್ಕಪ್ಪ ಮಗಳ ಕೈ ಹಿಡಿದು ಆಟೋದಲ್ಲಿ ಕೂರಿಸಿದ. ಲ್ಯಾಬಿನ ಮೆಟ್ಟಿಲನ್ನು ಅವಳಿಗಿಂತ ಮೊದಲು ಹತ್ತಿದ. ಸುಮನ ಮೇಡಮ್ ಯಾರಿಗೋ ಫೋನು ಮಾಡುತ್ತಿದ್ದರು. ಇವನು ಕೈ ಮುಗಿದು ನಿಂತ.

"ನಾ ಸುಜಾತಾನ ಅಪ್ಪಾರಿ. ಕೆಲಸ ಬಿಡು ಅಂತ ನಾನ ಅಂದಿದ್ನಿ. ನಂದ ತಪ್ಪೈತ್ರಿ. ಅಕಿದು ಏನೂ ಇಲ್ಲ. ಅಕಿ ಮೂಡಲಗಿಗೆ ಬರ್ತಾಳ್ರಿ."

ಮೇಡಮ್ ಫೋನು ಕೆಳಗಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಜಮಾನ್ರ, ನಿನ್ನೆ ಬ್ಯಾಡ ಅಂದೀರಿ. ಇವತ್ತ ಕಳಿಸ್ತೇನಿ ಅಂತೀರಿ. ನಾಳೆ ಮತ್ತೇನರ ತಲಿಗೆ ಬಂದು ನಡುವ ಬಿಡಿಸಿದ್ರ? ನಾ ನಿಮ್ಮ ಮಾತ ಹೆಂಗ ನಂಬ್ಲಿ?"

  ನಂಬಿ ಎಂದು ಯಾರನ್ನಾದರೂ ಕೇಳಿಕೊಳ್ಳುವ ಪ್ರಸಂಗ ಲಕ್ಕಪ್ಪನಿಗೆ ಬಂದೇ ಇರಲಿಲ್ಲ. ಏನು ಹೇಳಿದರೆ ಎದುರಿನವರು ನಂಬುತ್ತಾರೆ ಎಂಬುದು ಅವನಿಗೆ ತಿಳಿಯದು.

ಹಿಂದೆ ನಿಂತಿದ್ದ ಸುಜಾತಾ ಮುಂದೆ ಬಂದು ಅವನ ಪಕ್ಕ ನಿಂತಳು.

"ನಂಬ್ರಿ ಮೇಡಮ್" ಎಂದಳು. "ನಮ್ಮಪ್ಪ ಸುಳ್ಳ ಹೇಳಾಂವಲ್ಲ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಲಕ್ಕಪ್ಪ ವಲ್ಲಿಯನ್ನು ಮುಖಕ್ಕೆ ಒತ್ತಿಕೊಂಡು, ಪರೀಕ್ಷೆಗೆ ಬಂದು ಕೂತಿದ್ದ ಜನರೆಲ್ಲರ ಎದುರಿಗೆ, ಹುಡುಗನ ಹಾಗೆ ಅತ್ತುಬಿಟ್ಟ.